ಸಂಬಳ ಕಾಗದದಲ್ಲಿ ಉಂಟು, ಬ್ಯಾಂಕಿನಲ್ಲಿ ಇಲ್ಲ

(ಮಂಗಳೂರಿನಲ್ಲಿ ನಡೆದ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಟ್ರಸ್ಟಿನ ಪರವಾಗಿ ಮಾಡಿದ ಭಾಷಣ)





ವರ್ಷದ ಲೆಕ್ಕಪತ್ರ ನಿಮ್ಮ ಕೈಯಲ್ಲಿರುವ ವರದಿಯಲ್ಲಿ ಉಂಟು. ಅದನ್ನು ಓದಿ ಹೇಳಿ ನಿಮ್ಮ ಸಮಯ ತೆಗೆದುಕೊಳ್ಳುವುದಿಲ್ಲ. ಕಳೆದ ವರ್ಷ ಇದೇ ಸಭೆ ಮುಗಿದು ಊಟಕ್ಕೆ ಏಳುವಾಗ ದಾನಿಯೊಬ್ಬರು ನಮ್ಮನ್ನು ನಿಲ್ಲಿಸಿ ಕೇಳಿದರು: "ನಮ್ಮ ಹಣದಲ್ಲಿ ಇಂಜಿನಿಯರಿಂಗ್ ಕಲಿತ ಮಕ್ಕಳು ಬೆಂಗಳೂರಿಗೆ ಹೋಗಿ ಯಾವುದೋ ಸ್ಟಾರ್ಟ್‌ಅಪ್ ಸೇರುತ್ತಾರಂತೆ. ನಾಲ್ಕು ದಿನದಲ್ಲಿ ಅದು ಮುಚ್ಚುತ್ತದಂತೆ. ಇದಕ್ಕೆ ನಾವು ಯಾಕೆ ಕೊಡಬೇಕು?" ಆಗ ನಾವು ನಕ್ಕು ಜಾರಿಕೊಂಡೆವು. ಇವತ್ತು ಉತ್ತರ ಹೇಳುತ್ತೇವೆ. ಅದಕ್ಕೂ ಮೊದಲು ನಮ್ಮದೇ ಒಂದು ತಪ್ಪನ್ನು ನಿಮ್ಮ ಮುಂದೆ ಇಡಬೇಕು.

ನಮ್ಮ ವಿದ್ಯಾರ್ಥಿವೇತನದಲ್ಲಿ ಕಲಿತ ಹುಡುಗಿಯೊಬ್ಬಳು ಕಂಪ್ಯೂಟರ್ ಸೈನ್ಸ್ ಮುಗಿಸಿ ಬೆಂಗಳೂರಿನ ಒಂದು ಸಣ್ಣ ಕಂಪೆನಿಗೆ ಸೇರಿದಳು. ತಂದೆ ಇಲ್ಲ. ತಾಯಿ ಬೀಡಿ ಕಟ್ಟಿ ಇಬ್ಬರು ಮಕ್ಕಳನ್ನು ಓದಿಸಿದವರು. ಮರುವರ್ಷ ಅವಳ ತಮ್ಮನ ಅರ್ಜಿ ನಮ್ಮ ಕಚೇರಿಗೆ ಬಂತು. ಮನೆಯಲ್ಲಿ ದುಡಿಯುವವರಿದ್ದರೆ ಅಂಥ ಅರ್ಜಿಯನ್ನು ಕೆಳಗಿಡುವುದು ನಮ್ಮ ನಿಯಮ. ಅಕ್ಕನ ನೇಮಕಾತಿ ಪತ್ರದಲ್ಲಿ ಒಳ್ಳೆಯ ಸಂಬಳವೇ ಇತ್ತು. ಅರ್ಜಿ ಕೆಳಗೆ ಹೋಯಿತು. ನಾವು ಯಾರೂ ಎರಡನೇ ಸಲ ನೋಡಲಿಲ್ಲ.

ಎರಡು ತಿಂಗಳ ನಂತರ ಆ ತಾಯಿ ಕಚೇರಿಗೆ ಬಂದರು. ಜಗಳಕ್ಕೆ ಬಂದವರಲ್ಲ. ಕುರ್ಚಿಯ ತುದಿಯಲ್ಲಿ ಕೂತು ಹೇಳಿದ್ದು ಇಷ್ಟೇ: "ಸಂಬಳ ಕಾಗದದಲ್ಲಿ ಉಂಟು, ಬ್ಯಾಂಕಿನಲ್ಲಿ ಇಲ್ಲ." ಮಗಳಿಗೆ ಮೂರು ತಿಂಗಳಿನಿಂದ ಸಂಬಳ ಆಗಿರಲಿಲ್ಲ. ಮುಂದಿನ ಫಂಡಿಂಗ್ ಬಂದ ಕೂಡಲೇ ಒಟ್ಟಿಗೆ ಕೊಡುತ್ತೇವೆ ಎಂದು ಹೇಳಿದ್ದರಂತೆ. ಹುಡುಗಿ ಪಿ.ಜಿ. ಬಾಡಿಗೆಗೆ ಗೆಳತಿಯರ ಹತ್ತಿರ ಸಾಲ ಮಾಡಿದ್ದಳು. ಮನೆಗೆ ಫೋನ್ ಮಾಡುವಾಗ ಎಲ್ಲ ಸರಿ ಉಂಟು ಎಂದೇ ಹೇಳುತ್ತಿದ್ದಳು.

ತಾಯಿಗೆ ಗೊತ್ತಾದದ್ದು ಹೇಗೆ? ಒಂದು ರಾತ್ರಿ ಮಾತಿನ ಮಧ್ಯೆ ಸುಮ್ಮನೆ ಕೇಳಿದರಂತೆ, "ನಿನಗೆ ಪಿ.ಎಫ್. ಹಿಡಿಯುತ್ತಾರಾ?" ಇಲ್ಲ ಎಂದಳು ಮಗಳು. "ನಾನು ಮನೆಯ ಜಗುಲಿಯಲ್ಲಿ ಕೂತು ಬೀಡಿ ಕಟ್ಟಿದವಳು. ನನಗೆ ಬ್ರಾಂಚಿನಿಂದ ಪಿ.ಎಫ್. ಉಂಟು. ನೀನು ಇಂಜಿನಿಯರ್, ನಿನಗೆ ಇಲ್ಲವಾ?" ಎಂದರು ತಾಯಿ. ಆಚೆಯಿಂದ ಅಳು ಕೇಳಿಸಿತು.

ಈ ಪ್ರಶ್ನೆಯ ತೂಕ ದೊಡ್ಡ ದೊಡ್ಡ ಸೆಮಿನಾರುಗಳಲ್ಲಿ ಕೂತ ನಮಗೆ ಹೊಳೆದಿರಲಿಲ್ಲ. ದಕ್ಷಿಣ ಕನ್ನಡದ ಎಷ್ಟೋ ಮನೆಗಳ ಮಕ್ಕಳ ಫೀಸು ಬೀಡಿಯಿಂದ ಹುಟ್ಟಿದ್ದು. 1966ರ ಬೀಡಿ ಕಾರ್ಮಿಕರ ಕಾನೂನು, ಪಿ.ಎಫ್., ಬೋನಸ್ಸು ಇವೆಲ್ಲ ಸುಮ್ಮನೆ ಸಿಕ್ಕಿದವಲ್ಲ, ಕೇಳಿ ಪಡೆದದ್ದು. ಕೇಳುವ ಅಭ್ಯಾಸ ನಮ್ಮ ತಾಯಂದಿರಿಗೆ ಉಂಟು. ಮಕ್ಕಳಿಗೆ ಎ.ಸಿ. ಕೋಣೆ, ಲ್ಯಾಪ್‌ಟಾಪು ಕಂಡ ಕೂಡಲೇ ಆ ಅಭ್ಯಾಸ ಬಿಟ್ಟುಹೋಗುತ್ತದೆ.

ಗಲ್ಫಿಗೆ ಹೋಗುವ ಕಾಲದಲ್ಲಿ ನಾವೇ ಎಷ್ಟು ಪ್ರಶ್ನೆ ಕೇಳುತ್ತಿದ್ದೆವು, ನೆನಪು ಮಾಡಿಕೊಳ್ಳಿ. ವೀಸಾ ಯಾವುದು? ಕಫೀಲ್ ಯಾರು? ಊಟ, ರೂಮು ಯಾರದ್ದು? ಟಿಕೆಟು ಎಷ್ಟು ವರ್ಷಕ್ಕೆ? ಅಲ್ಲಿ ಮೋಸ ಹೋದವರ ಕಥೆ ಊರಿಗೆಲ್ಲ ಗೊತ್ತಿದ್ದುದರಿಂದ ಮುಂದಿನವರು ಜಾಗ್ರತೆ ಮಾಡಿದರು. ಬೆಂಗಳೂರಿನಲ್ಲಿ ಸಂಬಳ ಸಿಗದ ಮಕ್ಕಳು ಮಾತ್ರ ಯಾರಿಗೂ ಹೇಳುವುದಿಲ್ಲ. ಊರಿಗೆ ಬಂದರೆ ನಾವು ಕೇಳುವ ಮೊದಲ ಮಾತೇ "ವಾಪಸ್ ಯಾವಾಗ?" ಎಂದು. ಹೀಗೆ ಕೇಳಿದರೆ ಅವರು ಬಾಯಿ ಬಿಡುವುದು ಹೇಗೆ?

ಹಾಗಾದರೆ ಸ್ಟಾರ್ಟ್‌ಅಪ್ ಬೇಡವೇ? ಹಾಗೆ ಹೇಳಲು ನಮ್ಮಿಂದ ಆಗುವುದಿಲ್ಲ. ನೀವೆಲ್ಲ ಬಲ್ಲ ರೆಡ್‌ಬಸ್ ಹುಟ್ಟಿದ್ದು ಬೆಂಗಳೂರಿನಲ್ಲೇ. 2005ರ ದೀಪಾವಳಿಗೆ ಊರಿಗೆ ಹೋಗಲು ಬಸ್ಸಿನ ಟಿಕೆಟು ಸಿಗದ ಫಣೀಂದ್ರ ಸಾಮ ಎಂಬ ಇಂಜಿನಿಯರ್, ಇಬ್ಬರು ಗೆಳೆಯರೊಂದಿಗೆ 2006ರಲ್ಲಿ ಅದನ್ನು ಆರಂಭಿಸಿದರು. ಪೆರ್ನಾಲಿಗೆ ಬೆಂಗಳೂರಿನಿಂದ ಮಂಗಳೂರಿಗೆ ಸೀಟು ಹುಡುಕಿದವರಿಗೆ ಆ ಕಷ್ಟವನ್ನು ವಿವರಿಸಬೇಕಾಗಿಲ್ಲ. ನಮ್ಮ ಪಕ್ಕದ ಉಡುಪಿಯಲ್ಲಿ 1996ರಲ್ಲಿ ಶುರುವಾದ ರೋಬೋಸಾಫ್ಟ್ ಅಲ್ಲಿಂದಲೇ ಹೊರದೇಶಗಳಿಗೆ ಕೆಲಸ ಮಾಡಿತು. 2021ರಲ್ಲಿ ಜಪಾನಿನ ಟೆಕ್ನೋಪ್ರೊ ಅದನ್ನು ಕೊಂಡಿತು. ಇನ್ಫೋಸಿಸ್ ಕೂಡ 1981ರಲ್ಲಿ ಹತ್ತು ಸಾವಿರ ರೂಪಾಯಿಯ ಸಣ್ಣ ಸಂಸ್ಥೆಯೇ. ಅದು 1995ರಲ್ಲಿ ಮಂಗಳೂರಿಗೆ ಬಂದಾಗ ನಮ್ಮ ಎಷ್ಟು ಮನೆಗಳ ದಿಕ್ಕು ಬದಲಾಯಿತೆಂದು ನಿಮಗೆ ಗೊತ್ತು.

ಇನ್ನೊಂದು ಮುಖವೂ ಉಂಟು. ಮನೆಮನೆಗೆ ಸಾಮಾನು ಮುಟ್ಟಿಸುತ್ತಿದ್ದ ಬೆಂಗಳೂರಿನ ಡಂಜೋಗೆ 2022ರ ಜನವರಿಯಲ್ಲಿ ರಿಲಯನ್ಸ್ ರಿಟೇಲ್ 20 ಕೋಟಿ ಡಾಲರ್ ಹಾಕಿತು. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ. ಮರುವರ್ಷವೇ ಅಲ್ಲಿ ಸಂಬಳ ತಡವಾಗತೊಡಗಿತು. 2025ರ ಆರಂಭದಲ್ಲಿ ಆ್ಯಪ್ ನಿಂತೇಹೋಯಿತು. ಹೂಡಿಕೆ ಬಂತು ಎಂದರೆ ಲಾಭ ಬಂತು ಎಂದಲ್ಲ. ಆ ಹಣ ಎಷ್ಟು ತಿಂಗಳ ಖರ್ಚಿಗೆ ಸಾಕು ಎಂಬುದೇ ಲೆಕ್ಕ. ಸಂದರ್ಶನದ ಕೊನೆಗೆ "ನಿಮಗೇನಾದರೂ ಕೇಳುವುದುಂಟಾ?" ಎನ್ನುತ್ತಾರಲ್ಲ, ಆಗ ಇದನ್ನೇ ಕೇಳಿ. ಮರ್ಯಾದೆಯಿಂದ ಕೇಳಿದರೆ ಒಳ್ಳೆಯ ಕಂಪೆನಿಯವರು ಸಿಟ್ಟಾಗುವುದಿಲ್ಲ.

ಪಿ.ಎಫ್. ಬಗ್ಗೆ ಒಂದು ಮಾತು. ಇಪ್ಪತ್ತು ಮಂದಿ ಕೆಲಸಗಾರರು ಇದ್ದಲ್ಲಿ ಅದು ಕಡ್ಡಾಯ. ಅದಕ್ಕಿಂತ ಸಣ್ಣ ಕಂಪೆನಿಯಲ್ಲಿ ಇಲ್ಲದಿದ್ದರೆ ಅದು ಮೋಸವೆಂದು ತಿಳಿಯಬೇಡಿ. ಸಂಬಳದಿಂದ ಹಿಡಿದು ಖಾತೆಗೆ ಹಾಕದಿದ್ದರೆ ಮಾತ್ರ ಅದು ಮೋಸವೇ. ಉಮಂಗ್ ಆ್ಯಪಿನಲ್ಲಿ ಪಿ.ಎಫ್. ಪಾಸ್‌ಬುಕ್ ನೋಡಬಹುದು. ಕಂಪೆನಿ ನೋಂದಣಿ ಆಗಿದೆಯೇ, ನಿರ್ದೇಶಕರು ಯಾರು ಎಂಬುದನ್ನು ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಯಾರೂ ನೋಡಬಹುದು. ಸಂಬಳದ ಬದಲು ಷೇರು ಕೊಡುತ್ತೇವೆ ಎಂದರೆ ಅದು ಎಷ್ಟು ವರ್ಷದಲ್ಲಿ ಕೈಗೆ ಬರುತ್ತದೆ ಎಂದು ಬರವಣಿಗೆಯಲ್ಲಿ ಪಡೆಯಿರಿ. ಸಾಮಾನ್ಯವಾಗಿ ನಾಲ್ಕು ವರ್ಷ. ಮೊದಲ ವರ್ಷ ತುಂಬುವ ಮೊದಲು ಬಿಟ್ಟರೆ ಏನೂ ಇಲ್ಲ. ಮನೆ ಬಾಡಿಗೆಯನ್ನು ಷೇರಿನಿಂದ ಕಟ್ಟಲಾಗುವುದಿಲ್ಲ.

ಸ್ವಂತ ಕಂಪೆನಿ ಮಾಡಲು ಹೊರಟವರ ವಿಷಯ ಬೇರೆ. ನಮ್ಮ ಇಬ್ಬರು ಹಳೆಯ ವಿದ್ಯಾರ್ಥಿಗಳು ಇಲ್ಲೇ ಬಂದರಿನ ಅಂಗಡಿಗಳಿಗೆ ಸಾಫ್ಟ್‌ವೇರ್ ಮಾಡುತ್ತೇವೆಂದು ಬಂಡವಾಳ ಕೇಳಿ ಬಂದರು. ಶಿಕ್ಷಣಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಕೊಡಲು ನಮ್ಮ ಟ್ರಸ್ಟಿನ ನಿಬಂಧನೆಯಲ್ಲಿ ಅವಕಾಶ ಇಲ್ಲ. ಹಣ ಕೊಡಲಿಲ್ಲ. ಬಂದರಿನ ಹಿರಿಯ ವ್ಯಾಪಾರಿಯೊಬ್ಬರ ಹತ್ತಿರ ಕಳುಹಿಸಿದೆವು. ಅವರು ಇವರ ಆ್ಯಪನ್ನು ನೋಡಿ, "ಚಂದ ಉಂಟು. ಆದರೆ ನನಗೆ ಬೇಕಾದದ್ದು ಉದ್ದರಿ ಪುಸ್ತಕ. ಯಾರು ಎಷ್ಟು ಬಾಕಿ ಅಂತ ಹೇಳುತ್ತದಾ ಇದು?" ಎಂದರು. ಹೇಳುತ್ತಿರಲಿಲ್ಲ. ಹುಡುಗರು ವಾಪಸ್ ಹೋಗಿ ಮೂರು ತಿಂಗಳು ಕೂತು ಅದನ್ನೇ ಮಾಡಿದರು. ಕಾಲೇಜಿನಲ್ಲಿ ಸಿಗದ ಪಾಠ ಅದು.

ಅವರು ಹಣವನ್ನೂ ಹಾಕಿದರು. ಬಡ್ಡಿ ಬೇಡ, ಲಾಭ ಬಂದರೆ ಪಾಲು, ನಷ್ಟವಾದರೆ ನನ್ನ ಹಣ ಹೋಯಿತು ಎಂದರು. ಬಂದರಿನ ವ್ಯಾಪಾರಿಗಳಿಗೆ ಇದು ಹೊಸದಲ್ಲ. ಸ್ಟಾರ್ಟ್‌ಅಪ್‌ಗಳಲ್ಲಿ ಷೇರು ತೆಗೆದುಕೊಂಡು ಹಣ ಹಾಕುವ ಪದ್ಧತಿಯ ತಿರುಳು ಇದೇ. ಬಡ್ಡಿಗೆ ಹೆದರಿ ವ್ಯಾಪಾರವೇ ಬೇಡ ಎನ್ನುವ ಮನೆಯವರು ಇದನ್ನು ತಿಳಿಯಬೇಕು. ಸರಕಾರದ ಎಲಿವೇಟ್ ಎಂಬ ಯೋಜನೆಯೂ ಉಂಟು. 2017ರಲ್ಲಿ ಶುರುವಾದದ್ದು. ಆಯ್ಕೆಯಾದರೆ 50 ಲಕ್ಷದ ತನಕ ಅನುದಾನ. ಬಡ್ಡಿಯೂ ಇಲ್ಲ, ಷೇರೂ ಕೊಡಬೇಕಾಗಿಲ್ಲ.

ಎಲ್ಲ ಸುಖಾಂತ್ಯವಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಇಬ್ಬರಲ್ಲಿ ಒಬ್ಬನಿಗೆ ಮನೆಯಲ್ಲಿ ತಂಗಿಯ ಮದುವೆ ಬಂತು. ತಿಂಗಳ ಸಂಬಳ ಬೇಕಾಯಿತು, ಕೆಲಸಕ್ಕೆ ಸೇರಿದ. ಕಂಪೆನಿಯಲ್ಲಿ ಅರ್ಧ ಪಾಲು ಯಾರದ್ದು ಎಂಬ ಪ್ರಶ್ನೆ ಎದ್ದಾಗ ಏನೂ ಬರೆದಿಟ್ಟಿರಲಿಲ್ಲ. ಸಾಲದ ವ್ಯವಹಾರವನ್ನು ಬರೆದಿಡಿ, ಸಾಕ್ಷಿ ಇಡಿ ಎಂದು ಕುರ್‌ಆನ್ ಅಲ್-ಬಕರ ಅಧ್ಯಾಯದಲ್ಲಿ ಆದೇಶಿಸುತ್ತದೆ. ಗೆಳೆಯರ ಮಧ್ಯೆ ಬರೆದುಕೊಳ್ಳುವುದು ಅವಿಶ್ವಾಸವೆಂದು ಇವರು ತಿಳಿದಿದ್ದರು. ಮೂರು ಸಲ ಕೂತು ಮಾತಾಡಿ ಸರಿಮಾಡಿದ್ದಾಯಿತು. ಸಲಾಂ ಹೇಳುವಷ್ಟು ಸ್ನೇಹ ಉಳಿದಿದೆ, ಅಲ್‌ಹಮ್ದುಲಿಲ್ಲಾಹ್. ಇನ್ನೊಬ್ಬ ಈಗಲೂ ನಡೆಸುತ್ತಿದ್ದಾನೆ.

ಈಗ ದಾನಿಗಳ ಪ್ರಶ್ನೆಗೆ. ಕಂಪೆನಿ ಮುಚ್ಚಿದ್ದಕ್ಕೆ ಕಲಿತ ವಿದ್ಯೆ ಮುಚ್ಚುವುದಿಲ್ಲ. ಆ ಹುಡುಗಿ ಐದನೇ ತಿಂಗಳಿಗೆ ಬೇರೆ ಕಡೆ ಸೇರಿದಳು. ಮೊದಲ ಕಂಪೆನಿಯಲ್ಲಿ ಒಬ್ಬಳೇ ನಾಲ್ಕು ಜನರ ಕೆಲಸ ಮಾಡಿದ್ದು ಅಲ್ಲಿ ಪ್ರಯೋಜನಕ್ಕೆ ಬಂತಂತೆ. ಬಾಕಿ ಸಂಬಳ ಇನ್ನೂ ಪೂರ್ತಿ ಬಂದಿಲ್ಲ. ಆದರೆ ಆ ಐದು ತಿಂಗಳು ದಾಟಲು ಅವಳಿಗೆ ನೆರವಾದದ್ದು ಗೆಳತಿಯರೇ ಹೊರತು ನಾವಲ್ಲ. ಅದು ನಮ್ಮನ್ನು ಚುಚ್ಚುತ್ತದೆ.

ಆದ್ದರಿಂದ ಟ್ರಸ್ಟಿಗಳು ಕೂತು ಎರಡು ತೀರ್ಮಾನ ಮಾಡಿದ್ದೇವೆ. ನಮ್ಮಲ್ಲಿ ಕಲಿತವರು ಕೆಲಸ ಕಳೆದುಕೊಂಡರೆ ಅಥವಾ ಸಂಬಳ ನಿಂತರೆ, ಮೂರು ತಿಂಗಳ ವಸತಿ ಖರ್ಚನ್ನು ಕರ್ಝ್ ಹಸನ್ ಆಗಿ, ಅಂದರೆ ಬಡ್ಡಿಯಿಲ್ಲದ ಸಾಲವಾಗಿ ಕೊಡುತ್ತೇವೆ. ಇದಕ್ಕೆ ಝಕಾತಿನ ಒಂದು ರೂಪಾಯಿಯನ್ನೂ ಮುಟ್ಟುವುದಿಲ್ಲ. ನಿಬಂಧನೆಯ ಅಡ್ಡಿ ಇರುವುದರಿಂದ ಟ್ರಸ್ಟಿನ ಶಿಕ್ಷಣ ನಿಧಿಯಿಂದಲೂ ತೆಗೆಯುವುದಿಲ್ಲ. ಟ್ರಸ್ಟಿಗಳು ತಮ್ಮ ಕೈಯಿಂದ ಹಾಕಿ ಬೇರೆ ಖಾತೆ ಶುರುಮಾಡಿದ್ದಾರೆ. ಇಚ್ಛೆ ಇರುವ ದಾನಿಗಳು ಆ ಖಾತೆಗೆಂದು ಹೇಳಿಯೇ ಕೊಡಬೇಕು. ಕೇಳಿಬರುವವರ ಹೆಸರು ವರದಿಯಲ್ಲಿ ಬರುವುದಿಲ್ಲ, ಮನೆಗೂ ನಾವಾಗಿ ಫೋನ್ ಮಾಡುವುದಿಲ್ಲ.

ಎರಡನೆಯದು ಅರ್ಜಿಯ ಬಗ್ಗೆ. ಮನೆಯಲ್ಲಿ ದುಡಿಯುವ ಮಗ ಅಥವಾ ಮಗಳಿದ್ದರೆ ಇನ್ನು ಮುಂದೆ ನೇಮಕಾತಿ ಪತ್ರ ಲಗತ್ತಿಸುವುದು ಬೇಡ. ಹಿಂದಿನ ಆರು ತಿಂಗಳ ಬ್ಯಾಂಕ್ ಪಾಸ್‌ಬುಕ್ಕಿನ ನಕಲು ತನ್ನಿ. ಸಂಬಳ ಬಾರದ ತಿಂಗಳಿದ್ದರೆ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕಿದರೆ ಸಾಕು, ಕಾರಣ ಬರೆಯಬೇಕಾಗಿಲ್ಲ. ಹಿಂದೆ ಹೀಗೆ ಅರ್ಜಿ ಕೆಳಗೆ ಹೋದವರು ಪುನಃ ಕೊಡಬಹುದು. ಆ ತಮ್ಮನ ಅರ್ಜಿಯನ್ನು ನಾವೇ ಮೇಲೆ ತೆಗೆದಿದ್ದೇವೆ. ಇವತ್ತಿನ ಪಟ್ಟಿಯಲ್ಲಿ ಅವನ ಹೆಸರು ಉಂಟು. ಯಾವುದೆಂದು ಹೇಳುವುದಿಲ್ಲ. ಈಗ ಒಬ್ಬೊಬ್ಬರನ್ನಾಗಿ ಕರೆಯುತ್ತೇವೆ, ಪೋಷಕರೂ ಜೊತೆಗೆ ವೇದಿಕೆಗೆ ಬರಬೇಕು.