ಹೊಳೆಯ ನೀರು ಬೈಲಿಗೆ ಹರಡುವ ಲೆಕ್ಕ
(ಬೈಲು ಕೃಷಿಕರ ಸಭೆಯಲ್ಲಿ ಮಾಡಿದ ಭಾಷಣ)



ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಬೈಲುಗದ್ದೆಯವರಿಗೆ ನೆರೆಯ ವಿಚಾರ ಹೇಳುವುದೆಂದರೆ ಮೀನಿನ ಮರಿಗೆ ಈಜು ಕಲಿಸಿದಂತೆ. ನಾವುಂದ, ಬಡಾಕೆರೆ, ಪಡುಕೋಣೆ ಕಡೆಯವರು ಸೌಪರ್ಣಿಕೆಯ ನೀರು ಗದ್ದೆ ದಾಟಿ ಅಂಗಳಕ್ಕೆ ಬಂದುದನ್ನು ಮತ್ತೆ ಮತ್ತೆ ಕಂಡವರು. ಆದರೂ ಆ ನೀರು ಎಲ್ಲಿಗೆ, ಎಷ್ಟು, ಎಷ್ಟು ಹೊತ್ತು ಎಂಬುದಕ್ಕೆ ಒಂದು ಲೆಕ್ಕವಿದೆ. ಅದನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಒಂದು ತೋಡಿಗೆ 200 ಹೆಕ್ಟೇರ್ ಗುಡ್ಡ, ಹಾಡಿಗಳ ನೀರು ಬರುತ್ತದೆಯೆಂದು ಇಟ್ಟುಕೊಳ್ಳೋಣ. 100 ಮಿಲಿಮೀಟರ್ ಮಳೆ ಬಿದ್ದು, ನೆಲ ಮೊದಲೇ ನೆನೆದಿದ್ದು ಎಲ್ಲವೂ ಹರಿದು ಬಂದರೆ 2 ಲಕ್ಷ ಘನಮೀಟರ್ ನೀರಾಯಿತು. ಕೆಳಗಿನ ಬೈಲು 50 ಹೆಕ್ಟೇರ್ ಇದ್ದು, ಹೊರದಾರಿ ಕಟ್ಟಿದ್ದರೆ 40 ಸೆಂಟಿಮೀಟರ್ ನಿಲ್ಲುತ್ತದೆ. ಬೈಲಿನ ಮೇಲೆಯೇ ಬಿದ್ದ ಮಳೆ ಸೇರಿ ಅರ್ಧ ಮೀಟರ್. ನಟ್ಟು ಎರಡು ವಾರವಾದ ನೇಜಿ ಪೂರಾ ಮುಳುಗಲು ಇಷ್ಟು ಸಾಕು.

ಹೊರದಾರಿಯನ್ನು ಕಟ್ಟುವುದು ಯಾರು? ಹೆಚ್ಚಿನ ಸಲ ಕಡಲೇ. ಸುಮಾರು 12 ಗಂಟೆ 25 ನಿಮಿಷಕ್ಕೊಮ್ಮೆ ಉಬ್ಬರ ಬರುತ್ತದೆ; ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಅದರ ಏರಿಕೆ ಹೆಚ್ಚು. ಅಳಿವೆಯಲ್ಲಿ ನೀರು ಏರಿ ನಿಂತಾಗ ಹೊಳೆಯ ನೀರು ಹಿಂದಕ್ಕೆ ಒತ್ತಿ ತೋಡಿಗೆ ನುಗ್ಗುತ್ತದೆ. ಸೀತಾ, ಸುವರ್ಣಾ ದಡದವರು 2020ರ ಸೆಪ್ಟೆಂಬರ್ 20ರ ನೆರೆಯನ್ನು ಮರೆತಿರಲಾರರು. ಆ ತಿಂಗಳ 17ರಂದು ಮಹಾಲಯ ಅಮಾವಾಸ್ಯೆ ಕಳೆದಿತ್ತು. ಮಳೆ ಸುರಿದದ್ದು ಉಬ್ಬರದ ಜೋರು ಇನ್ನೂ ಇಳಿಯದ ದಿನಗಳಲ್ಲಿ.

ಗಣಕಯಂತ್ರದಲ್ಲಿ ನೆರೆಯ ಮಾದರಿ ಮಾಡುವವರು ಬೈಲನ್ನು ಸಣ್ಣ ಚೌಕಗಳಾಗಿ ವಿಂಗಡಿಸುತ್ತಾರೆ. ಪ್ರತಿ ಚೌಕಕ್ಕೂ ನೆಲದ ಎತ್ತರ, ಅದರ ಮೇಲೆ ನೀರಿನ ಎತ್ತರ. ಪಕ್ಕದ ಚೌಕದ ನೀರಿನ ಮಟ್ಟ ತಗ್ಗಿದ್ದರೆ ಅತ್ತ ಹರಿಯುತ್ತದೆ. ಇಲ್ಲಿ ಮುಖ್ಯವಾದದ್ದು ನೆಲದ ಇಳಿಜಾರಲ್ಲ, ನೀರಿನ ಮೇಲ್ಮೈಯ ಇಳಿಜಾರು. ಸಪಾಟು ಬೈಲಿನಲ್ಲಿ ನೀರು ಮೇಲಿನ ಗದ್ದೆಗೂ ಏರುವುದು ಇದರಿಂದಲೇ. ಆಳ ಇಮ್ಮಡಿಯಾದರೆ ಹರಿವು ಸುಮಾರು ಮೂರು ಪಾಲಾಗುತ್ತದೆ. ಇಳಿಜಾರು ನಾಲ್ಕು ಪಾಲಾದರೆ ಹರಿವು ಎರಡೇ ಪಾಲು. ಬೆಳೆದು ನಿಂತ ಭತ್ತವೂ ಹುಲ್ಲು ತುಂಬಿದ ತೋಡೂ ನೀರನ್ನು ತಡೆಯುತ್ತವೆ. ತೋಡಿನ ಹೂಳು ಒಂದು ಅಡಿ ತೆಗೆದರೆ ಇಷ್ಟೊಂದು ವ್ಯತ್ಯಾಸವೇಕೆ ಎಂಬುದು ಈಗ ತಿಳಿಯಿತಷ್ಟೆ.

ಆದರೆ ಮಾದರಿಗೆ ಕೊಡುವ ಎತ್ತರ ತಪ್ಪಿದರೆ ಉತ್ತರವೂ ತಪ್ಪು. 2000ರ ಫೆಬ್ರವರಿಯಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆಯಿಂದ ರಾಡಾರ್ ಮೂಲಕ ಅಳೆದ ನಕ್ಷೆ ಪುಕ್ಕಟೆ ಸಿಗುತ್ತದೆ. ಅದರ ಒಂದು ಚೌಕ ಸುಮಾರು 30 ಮೀಟರ್. ಎತ್ತರದಲ್ಲಿ ಹಲವು ಮೀಟರ್ ತಪ್ಪಿರಬಹುದು. ತೆಂಗಿನ ತೋಟ ಅದಕ್ಕೆ ದಿಬ್ಬದಂತೆ ಕಾಣುತ್ತದೆ, ನಿಮ್ಮ ಎರಡಡಿಯ ಕಟ್ಟ ಕಾಣುವುದೇ ಇಲ್ಲ. ನಮ್ಮ ಬೈಲಿನಲ್ಲಿ ಗದ್ದೆ ಮುಳುಗುವುದೂ ಉಳಿಯುವುದೂ ಒಂದು ಗೇಣಿನ ಅಂತರದಲ್ಲಿ. ಆ ಗೇಣನ್ನು ಅಳೆಯಬೇಕಾದವರು ನೀವು.

ಅಳೆಯಲು ದೊಡ್ಡ ಉಪಕರಣ ಬೇಡ. ಗಾರೆಯವರು ಬಳಸುವ, ನೀರು ತುಂಬಿದ ಪಾರದರ್ಶಕ ಪೈಪು ಸಾಕು. ಒಳಗೆ ಗಾಳಿಗುಳ್ಳೆ ಇರಬಾರದು. ಇಬ್ಬರು ಸೇರಿ ತೋಡಿನ ದಂಡೆ, ಕಟ್ಟದ ತಲೆ, ಮೋರಿಯ ತಳ, ಮೇಲಿನ ಮತ್ತು ಕೆಳಗಿನ ಗದ್ದೆಗಳ ಮಟ್ಟವನ್ನು ಒಂದೇ ಕಲ್ಲಿಗೆ ಹೋಲಿಸಿ ಬರೆದಿಡಿರಿ. ನೆರೆ ಬಂದಾಗ ಗೋಡೆಯ ಮೇಲೆ ನೀರಿನ ಗುರುತು ಹಾಕಿ. ದಿನ, ಗಂಟೆ, ಉಬ್ಬರವೋ ಇಳಿತವೋ ಎಂಬುದನ್ನೂ ಬರೆಯಿರಿ. ಎಲ್ಲಿ ಮೊದಲು ದಂಡೆ ದಾಟಿತೆಂಬುದು ಎಲ್ಲಕ್ಕಿಂತ ಬೆಲೆಯುಳ್ಳ ಮಾಹಿತಿ.

ಬೈಲಿಗೆ ಅಡ್ಡವಾಗಿ ಮಣ್ಣು ತುಂಬಿಸಿ ರಸ್ತೆ ಏರಿಸುವಾಗ ಈ ಪುಸ್ತಕ ಕೈಯಲ್ಲಿರಲಿ. ಎರಡಡಿ ವ್ಯಾಸದ ಒಂದು ಪೈಪಿನ ಬದಲು ಒಂದಡಿಯ ಎರಡು ಹಾಕಿದ್ದೇವೆ ಎಂದರೆ ಒಪ್ಪಬೇಡಿ. ಬಾಯಿಯ ಅಳತೆಗೇ ಒಂದಡಿಯವು ನಾಲ್ಕು ಬೇಕು, ಹರಿವಿಗೆ ಅದೂ ಸಾಲದು. ರಸ್ತೆಯ ಮೇಲ್ಬದಿಯವನ ಗದ್ದೆಯಲ್ಲಿ ಎರಡು ದಿನ ಹೆಚ್ಚು ನೀರು ನಿಲ್ಲುವುದು ಕೆಳಬದಿಯವನಿಗೆ ಕಾಣದು. ಹೀಗಾಗಿಯೇ ಅಕ್ಕಪಕ್ಕದವರಲ್ಲಿ ಮಾತು ಬಿಡುವ ಮಟ್ಟಕ್ಕೆ ಹೋಗುತ್ತದೆ. ಅಳತೆಯಿದ್ದರೆ ಪಂಚಾಯತಿಯಲ್ಲಿ ಜಗಳಕ್ಕಿಂತ ಲೆಕ್ಕ ಮಾತಾಡೀತು.

ಎಷ್ಟು ಮಾಡಿದರೂ ಮುಳುಗುವ ಗದ್ದೆಗಳು ಇದ್ದೇ ಇರುತ್ತವೆ. ಅಲ್ಲಿಗೆ ಮುಳುಗಡೆ ತಡೆಯುವ ಸಹ್ಯಾದ್ರಿ ಪಂಚಮುಖಿಯಂತಹ ತಳಿಯ ಬಗ್ಗೆ ಬ್ರಹ್ಮಾವರದ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಿರಿ. ಅಳತೆಯ ಕೆಲಸವನ್ನು ಮಾತ್ರ ಮೇ ತಿಂಗಳೊಳಗೆ, ಗದ್ದೆ ಒಣಗಿರುವಾಗಲೇ ಮುಗಿಸಿಕೊಳ್ಳಿರಿ.