ಆಟದ ರೈಲು, ಹಳಿಯ ಮೇಲಿನ ರೈಲು



ನಿಮ್ಮಲ್ಲಿ ಹಲವರು ಕಂಪ್ಯೂಟರಿನಲ್ಲಿ ರೈಲು ಓಡಿಸುವ ಆಟಗಳನ್ನು ಆಡಿರುತ್ತೀರಿ. ಗುಂಡಿ ಒತ್ತಿದ ಕೂಡಲೇ ಇಪ್ಪತ್ತು ಬೋಗಿಗಳ ಗಾಡಿ ಮೋಟಾರ್ ಸೈಕಲಿನಂತೆ ಚಿಮ್ಮುವ ಆಟಗಳಿವೆ. ಎರಡು ನಿಮಿಷ ಕಾದರೂ ವೇಗದ ಮುಳ್ಳು ನೂರನ್ನು ಮುಟ್ಟದ ಆಟಗಳೂ ಇವೆ. ಎರಡನೆಯ ಬಗೆಯದು ಬೇಸರ ತರಿಸುತ್ತದೆ ಎಂದು ನೀವು ದೂರಬಹುದು. ಆದರೆ ಆ ಎರಡು ನಿಮಿಷಗಳಲ್ಲಿ ಭೌತಶಾಸ್ತ್ರದ ಒಳ್ಳೆಯದೊಂದು ಪಾಠ ಅಡಗಿದೆ. ಅದನ್ನು ಈಗ ಬಿಡಿಸಿ ನೋಡೋಣ.

ಲೆಕ್ಕಕ್ಕೊಂದು ಗಾಡಿ ಬೇಕಷ್ಟೆ. ನಮ್ಮ ಎಕ್ಸ್‌ಪ್ರೆಸ್ ಗಾಡಿಗಳನ್ನು ಎಳೆಯುವ ಡಬ್ಲ್ಯುಎಪಿ-7 ಎಂಬ ವಿದ್ಯುತ್ ಎಂಜಿನ್ನನ್ನೇ ತೆಗೆದುಕೊಳ್ಳಿ. ಅದರ ತೂಕ 123 ಟನ್. ಸಾಮರ್ಥ್ಯ 6,000 ಅಶ್ವಶಕ್ತಿಗೂ ಹೆಚ್ಚು. ಸುಲಭಕ್ಕಾಗಿ 4,500 ಕಿಲೋವಾಟ್ ಎಂದಿಟ್ಟುಕೊಳ್ಳೋಣ. ಬೋಗಿಗಳೂ ಸೇರಿ ಇಡೀ ಗಾಡಿ 1,300 ಟನ್ ಇರಲಿ.

ಗಾಡಿ ಹೊರಡುವಾಗ ಎದುರಾಗುವ ಮೊದಲ ಮಿತಿ ಎಂಜಿನ್ನಿನ ಸಾಮರ್ಥ್ಯವಲ್ಲ, ಚಕ್ರದ ಹಿಡಿತ. ಉಕ್ಕಿನ ಚಕ್ರ ಉಕ್ಕಿನ ಹಳಿಯ ಮೇಲೆ ನಿಂತಿದೆ. ಮೋಟಾರು ಎಷ್ಟೇ ಬಲವಾಗಿ ತಿರುಗಿಸಿದರೂ, ಘರ್ಷಣೆ ತಾಳುವಷ್ಟೇ ಎಳೆತ ದೊರೆಯುತ್ತದೆ. ಅದನ್ನು ಮೀರಿದರೆ ಚಕ್ರ ಇದ್ದಲ್ಲಿಯೇ ಜಾರಿ ತಿರುಗುತ್ತದೆ. ಈ ಎಂಜಿನ್ನಿನ ಗರಿಷ್ಠ ಎಳೆತ ಸುಮಾರು 320 ಕಿಲೋನ್ಯೂಟನ್, ಅಂದರೆ ಅದರ ತೂಕದ ಕಾಲುಭಾಗಕ್ಕಿಂತ ತುಸು ಹೆಚ್ಚು. ಮಳೆಯಲ್ಲಿ ಹಿಡಿತ ಇನ್ನೂ ತಗ್ಗುತ್ತದೆ. ಹಳಿಯ ಮೇಲೆ ಮರಳು ಉದುರಿಸುವ ವ್ಯವಸ್ಥೆ ಎಂಜಿನ್ನುಗಳಲ್ಲಿರುವುದು ಇದಕ್ಕಾಗಿಯೇ.

320 ಕಿಲೋನ್ಯೂಟನ್ ಬಲವನ್ನು 1,300 ಟನ್ ರಾಶಿಯಿಂದ ಭಾಗಿಸಿ. ನ್ಯೂಟನ್ನನ ಎರಡನೆಯ ನಿಯಮದ ಪ್ರಕಾರ ವೇಗೋತ್ಕರ್ಷ ಸುಮಾರು 0.25 ಬರುತ್ತದೆ. ಬೇರೆ ಮಾತಿನಲ್ಲಿ ಹೇಳುವುದಾದರೆ, ಒಂದು ಸೆಕೆಂಡು ಕಳೆದರೆ ಗಾಡಿಯ ವೇಗ ಗಂಟೆಗೆ ಒಂದು ಕಿ.ಮೀ.ನಷ್ಟೂ ಏರುವುದಿಲ್ಲ.

ವೇಗ ಗಂಟೆಗೆ 50 ಕಿ.ಮೀ. ದಾಟಿದ ಮೇಲೆ ಎರಡನೆಯ ಮಿತಿ ಬರುತ್ತದೆ. ಸಾಮರ್ಥ್ಯವೆಂದರೆ ಬಲ ಮತ್ತು ವೇಗಗಳ ಗುಣಲಬ್ಧ. ಸಾಮರ್ಥ್ಯ ಅಷ್ಟೇ ಇದ್ದು ವೇಗ ಹೆಚ್ಚಿದರೆ ಬಲ ಕುಗ್ಗಲೇಬೇಕು. ಗಂಟೆಗೆ 72 ಕಿ.ಮೀ. ವೇಗದಲ್ಲಿ ನಮ್ಮ ಎಂಜಿನ್ 225 ಕಿಲೋನ್ಯೂಟನ್ ಬಲದಿಂದ ಎಳೆಯಬಲ್ಲದು, 108 ಕಿ.ಮೀ. ವೇಗದಲ್ಲಿ 150 ಮಾತ್ರ. ಅದೇ ವೇಳೆಗೆ ಗಾಳಿಯ ರೋಧವು ವೇಗದ ವರ್ಗದೊಡನೆ ಬೆಳೆಯುತ್ತಿರುತ್ತದೆ. ಎಳೆಯುವ ಬಲ ಇಳಿಯುತ್ತದೆ, ತಡೆಯುವ ಬಲ ಏರುತ್ತದೆ. ಆದ್ದರಿಂದ ನಿಜವಾದ ಗಾಡಿಯ ವೇಗದ ನಕ್ಷೆ ನೇರ ಗೆರೆಯಾಗಿರದೆ, ಮೇಲೇರುತ್ತ ಬಾಗಿ ಮಲಗುವ ಗೆರೆಯಾಗಿರುತ್ತದೆ.

ಯಾವ ಆಟವನ್ನೂ ಪರೀಕ್ಷಿಸಲು ಒಂದು ಸರಳ ಲೆಕ್ಕವಿದೆ. ಗಂಟೆಗೆ 108 ಕಿ.ಮೀ. ಎಂದರೆ ಸೆಕೆಂಡಿಗೆ 30 ಮೀಟರ್. ಆ ವೇಗದಲ್ಲಿ 1,300 ಟನ್ ಗಾಡಿಯ ಚಲನಶಕ್ತಿ 58.5 ಕೋಟಿ ಜೂಲ್. ಎಂಜಿನ್ ಸೆಕೆಂಡಿಗೆ ಕೊಡುವುದು 45 ಲಕ್ಷ ಜೂಲ್. ಭಾಗಿಸಿದರೆ 130 ಸೆಕೆಂಡು. ಯಾವ ರೋಧವೂ ಇಲ್ಲದಿದ್ದರೂ ಇದಕ್ಕಿಂತ ಬೇಗ ಸಾಧ್ಯವಿಲ್ಲ. ಇಂಥ ಗಾಡಿಯನ್ನು ಅರ್ಧ ನಿಮಿಷದಲ್ಲಿ ಆ ವೇಗಕ್ಕೆ ಒಯ್ಯುವ ಆಟ, ಎಲ್ಲಿಂದಲೋ ಶಕ್ತಿಯನ್ನು ಪುಕ್ಕಟೆಯಾಗಿ ತರುತ್ತಿದೆ ಎಂದೇ ಅರ್ಥ.

ಹಾಗೆಂದು ನಿಧಾನವೇ ನೈಜತೆಯಲ್ಲ. ಮೆಟ್ರೊ ರೈಲು ಸಾಮಾನ್ಯವಾಗಿ ಇದರ ನಾಲ್ಕು ಪಟ್ಟು ವೇಗೋತ್ಕರ್ಷದಿಂದ ಹೊರಡುತ್ತದೆ. ಅಲ್ಲಿ ಮೋಟಾರುಗಳು ಹಲವು ಬೋಗಿಗಳಿಗೆ ಹಂಚಿಕೆಯಾಗಿದ್ದು, ಗಾಡಿಯ ತೂಕದ ಬಹುಭಾಗ ಎಳೆಯುವ ಚಕ್ರಗಳ ಮೇಲೆಯೇ ಬೀಳುತ್ತದೆ. ಅರ್ಧದಷ್ಟು ಬೋಗಿಗಳಿಗೆ ಮೋಟಾರು ಇರುವ ವಂದೇ ಭಾರತ್ ಚುರುಕಾಗಿ ಹೊರಡುವ ಗುಟ್ಟೂ ಇದೇ. ಹೀಗೆ ಗಾಡಿಗೆ ತಕ್ಕಂತೆ ವ್ಯತ್ಯಾಸ ತೋರಿಸುವ ಆಟವೇ ನೈಜವಾದ ಆಟ.

ಕ್ರಿಸ್ ಸಾಯರ್ 1994ರಲ್ಲಿ ರೂಪಿಸಿದ ಟ್ರಾನ್ಸ್‌ಪೋರ್ಟ್ ಟೈಕೂನ್ ಆಟದ ಮಾದರಿಯಲ್ಲಿ 2004ರಲ್ಲಿ ಓಪನ್‌ಟಿಟಿಡಿ ಎಂಬ ಉಚಿತ ಆಟ ಬಂತು. ಅದರಲ್ಲಿ ವೇಗೋತ್ಕರ್ಷಕ್ಕೆ ಎರಡು ಆಯ್ಕೆಗಳಿವೆ. ಒಂದು 'ಮೂಲ' ಬಗೆ: ಏರು ಬಂದರೆ ಎಲ್ಲ ಗಾಡಿಗಳಿಗೂ ಒಂದೇ ದಂಡ. ಇನ್ನೊಂದು 'ನೈಜ' ಬಗೆ: ತೂಕ, ಸಾಮರ್ಥ್ಯ, ಎಳೆತ, ಏರಿನ ಕಡಿದು ಎಲ್ಲವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಈ ಆಟದಲ್ಲಿ ಒಂದು ದಿನ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ, ನಿಜ. ಗಾಡಿ ನಿಲ್ದಾಣ ಬಿಡುವ ದೃಶ್ಯವನ್ನು ನಾವು ಟೆಲಿವಿಷನ್ನಿನವರೂ ನಾಲ್ಕು ಸೆಕೆಂಡಿಗೆ ಕತ್ತರಿಸುತ್ತೇವೆ. ಕಾಲವನ್ನು ಕುಗ್ಗಿಸುವುದು ತಪ್ಪಲ್ಲ. ಕಾರಣವನ್ನು ಕೈಬಿಡುವುದು ತಪ್ಪು.

ಏರಿನ ಮಹತ್ವವನ್ನು ನಮ್ಮ ಕ್ಯಾಸಲ್‌ರಾಕ್‌ನಲ್ಲಿ ನೋಡಬಹುದು. ಗೋವಾದ ಕುಳೆಯಿಂದ ಅಲ್ಲಿಗೆ ಘಟ್ಟ ಹತ್ತುವ ಹಳಿಯ ಏರು 37ಕ್ಕೆ 1. ಅಲ್ಲಿ 1,300 ಟನ್ ಗಾಡಿಯನ್ನು ಹಿಂದಕ್ಕೆ ಎಳೆಯುವ ಬಲವೇ 344 ಕಿಲೋನ್ಯೂಟನ್ ಆಗುತ್ತದೆ. ನಮ್ಮ ಲೆಕ್ಕದ ಎಂಜಿನ್ನಿನ ಗರಿಷ್ಠ ಎಳೆತ 320 ಮಾತ್ರ. ಘಟ್ಟದಲ್ಲಿ ಗಾಡಿಗಳಿಗೆ ಹೆಚ್ಚಿನ ಎಂಜಿನ್ನುಗಳನ್ನು ಏಕೆ ಜೋಡಿಸುತ್ತಾರೆಂಬುದು ಈಗ ನಿಮಗೆ ಹೊಳೆದಿರಬೇಕು.

ನೀವೊಂದು ಪ್ರಯೋಗ ಮಾಡಿ. ಮುಂದಿನ ಸಲ ರೈಲಿನಲ್ಲಿ ಹೋಗುವಾಗ, ಗಾಡಿ ಹೊರಟ ಕ್ಷಣದಿಂದ ಹತ್ತು ಹತ್ತು ಸೆಕೆಂಡಿಗೆ ಮೊಬೈಲ್ ತೋರಿಸುವ ವೇಗವನ್ನು ಬರೆದುಕೊಳ್ಳಿ. ನಿಮ್ಮ ಆಸನದಲ್ಲಿ ಕುಳಿತೇ ಬರೆಯಿರಿ, ಬಾಗಿಲ ಬಳಿ ಬೇಡ. ಮನೆಗೆ ಬಂದು ಆಟದ ರೈಲಿಗೂ ಹಾಗೆಯೇ ಮಾಡಿ, ಎರಡನ್ನೂ ಒಂದೇ ಗ್ರಾಫ್ ಹಾಳೆಯ ಮೇಲೆ ಗುರುತಿಸಿ. ಆಟ ಎಷ್ಟು ಪ್ರಾಮಾಣಿಕವಾದದ್ದೆಂದು ಹಾಳೆಯೇ ಹೇಳುತ್ತದೆ.

ಆಟದ ಮಾತಿಗೆ ಇಷ್ಟೆಲ್ಲ ಏಕೆ ಎನ್ನುತ್ತೀರಾ? ಬೇಗ ಹೊರಡಲಾರದ ರಾಶಿ ಬೇಗ ನಿಲ್ಲಲೂ ಆರದು. ಗಂಟೆಗೆ 108 ಕಿ.ಮೀ. ವೇಗದ ಗಾಡಿ ಪ್ರತಿ ಸೆಕೆಂಡಿಗೆ ಅರ್ಧ ಮೀಟರಿನಷ್ಟು ವೇಗ ಕಳೆದುಕೊಳ್ಳುತ್ತ ಬಂದರೆ, ನಿಲ್ಲಲು ಪೂರ್ತಿ ಒಂದು ನಿಮಿಷ, 900 ಮೀಟರ್ ಬೇಕು. ಹಳಿ ದಾಟುವವನನ್ನು ಚಾಲಕ 300 ಮೀಟರ್ ದೂರದಲ್ಲಿ ಕಂಡು ಆ ಕ್ಷಣವೇ ಬ್ರೇಕ್ ಹಾಕಿದರೂ, ಗಾಡಿ ಅವನಿದ್ದ ಜಾಗವನ್ನು ದಾಟಿ 600 ಮೀಟರ್ ಆಚೆಗೆ ನಿಲ್ಲುತ್ತದೆ. ಗುಂಡಿ ಒತ್ತಿದೊಡನೆ ಹೊರಟು, ಒತ್ತಿದೊಡನೆ ನಿಲ್ಲುವ ರೈಲನ್ನೇ ನೋಡಿ ಪಳಗಿದ ಕಣ್ಣು ಈ ದೂರವನ್ನು ಅಳೆಯಲಾರದು. ಮುಚ್ಚಿದ ಗೇಟಿನ ಕೆಳಗೆ ನುಸುಳಲು ಯಾರಾದರೂ ನಿಮ್ಮನ್ನು ಕರೆದರೆ, ಈ ಲೆಕ್ಕವನ್ನು ಅವರಿಗೂ ಹೇಳಿ ಕೈಹಿಡಿದು ನಿಲ್ಲಿಸಿಕೊಳ್ಳಿ.