ನಿವೃತ್ತಿಯ ಹಣ: ನನ್ನದೋ, ನಮ್ಮೆಲ್ಲರದೋ?

(ಸಂಘದ ಸಂಸ್ಥಾಪನಾ ದಿನಾಚರಣೆಯಲ್ಲಿ ಮಾಡಿದ ಭಾಷಣ)



ಸಂಘದ ಹುಟ್ಟುಹಬ್ಬದ ದಿನ ಪಿಂಚಣಿಯ ಮಾತೇಕೆ ಎಂದು ತಾವು ಕೇಳಬಹುದು. ಸಂಘ ಕಟ್ಟಿದಾಗ ಕಪ್ಪಗಿದ್ದ ನಮ್ಮ ತಲೆಗಳು ಈಗ ಬೆಳ್ಳಗಾಗಿವೆ, ಅದೇ ಕಾರಣ!

ತಿಂಗಳ ಮೊದಲ ವಾರ ತಂದೆಯವರು ಪಿಂಚಣಿ ತರುವುದನ್ನು ನೋಡುತ್ತಾ ಬೆಳೆದವರು ನಾವು. ಈ ಅಮೆರಿಕದಲ್ಲಿ ಅಂಥ ಆಸರೆಯೆಂದರೆ 1935ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದ ಸೋಷಿಯಲ್ ಸೆಕ್ಯೂರಿಟಿ. ಒಂದು ಮಿತಿಯವರೆಗಿನ ಸಂಬಳದಲ್ಲಿ ನಮ್ಮಿಂದ ನೂರಕ್ಕೆ 6.2, ಮಾಲೀಕರಿಂದ ಅಷ್ಟೇ ಹಣ ಇದಕ್ಕೆ ಸಲ್ಲುತ್ತದೆ.

2005ರಲ್ಲಿ ಅಧ್ಯಕ್ಷ ಜಾರ್ಜ್ ಡಬ್ಲ್ಯೂ. ಬುಷ್ ಅವರು ಈ ತೆರಿಗೆಯ ಒಂದು ಭಾಗವನ್ನು ಖಾಸಗಿ ಖಾತೆಗಳ ಮೂಲಕ ಷೇರು, ಬಾಂಡುಗಳಲ್ಲಿ ತೊಡಗಿಸುವ ಯೋಜನೆ ಮುಂದಿಟ್ಟರು. ಹೆಚ್ಚು ವರಮಾನದವರು, ಕಿರಿಯರು ಇದರತ್ತ ಒಲಿದರು. ಕಡಿಮೆ ವರಮಾನದವರು, ಹಿರಿಯರು ಅಂಜಿದರು. ಖಚಿತ ಪಿಂಚಣಿ ಕಡಿಮೆಯಾಗುತ್ತದೆ ಎಂದು ತಿಳಿದಾಗ ಬೆಂಬಲ ಇನ್ನೂ ಕುಗ್ಗಿತು. ಯೋಜನೆ ಕಾಂಗ್ರೆಸ್ಸಿನಲ್ಲಿ ಮತಕ್ಕೇ ಬರಲಿಲ್ಲ.

ಈ ಭೇದಕ್ಕೆ ಕಾರಣವಿದೆ. ಪಿಂಚಣಿಯ ಲೆಕ್ಕದಲ್ಲಿ ಸರಾಸರಿ ಸಂಬಳದ ಮೊದಲ ಭಾಗಕ್ಕೆ ನೂರಕ್ಕೆ 90, ನಂತರದ್ದಕ್ಕೆ 32, ಅದರ ಮೇಲಿನದ್ದಕ್ಕೆ 15 ಸಿಗುತ್ತದೆ. ಬಡವರಿಗೆ ಇದು ಊರುಗೋಲು. ಉಳ್ಳವರಿಗೆ ಲಾಭ ಕಡಿಮೆಯ ಹೂಡಿಕೆ. 2008ರಲ್ಲಿ ಷೇರು ಪೇಟೆ ಮೂರನೇ ಒಂದಕ್ಕಿಂತ ಹೆಚ್ಚು ಕುಸಿದಾಗ, ಬೇರೆ ಉಳಿತಾಯವಿದ್ದವರು ಕಾಯಬಲ್ಲವರಾಗಿದ್ದರು.

ನಮ್ಮ ಊಟದ ಮೇಜಿನಲ್ಲೂ "ನಮ್ಮ ದುಡ್ಡು ನಮಗೇ ಬಿಟ್ಟರೆ ಚೆನ್ನಾಗಿ ಬೆಳೆಸುತ್ತೇವೆ" ಎನ್ನುವವರೇ ಹೆಚ್ಚು. ಇರಬಹುದು. ಆದರೆ ನಮ್ಮ ಗೆಳೆಯರೊಬ್ಬರು ಮಕ್ಕಳು ಚಿಕ್ಕವರಿರುವಾಗಲೇ ತೀರಿಕೊಂಡರು. ಮಕ್ಕಳಿಗೆ ಹದಿನೆಂಟು ತುಂಬುವವರೆಗೆ ತಿಂಗಳು ತಿಂಗಳು ಬಂದದ್ದು ಇದೇ ಸೋಷಿಯಲ್ ಸೆಕ್ಯೂರಿಟಿಯ ಹಣ. ಅಷ್ಟರೊಳಗೆ ಅವರ ಖಾಸಗಿ ಖಾತೆ ಎಷ್ಟು ಬೆಳೆದಿರುತ್ತಿತ್ತು?

ಇನ್ನೊಂದು ಮಾತು. ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದ ಸರ್ಕಾರಿ ಕೆಲಸಕ್ಕೆ ಸೇರಿದವರಿಗೆ ಹಳೆಯ ಪಿಂಚಣಿಯ ಬದಲು ಮಾರುಕಟ್ಟೆಯನ್ನು ಅವಲಂಬಿಸಿದ ಹೊಸ ಯೋಜನೆ ಬಂತು. ಇಲ್ಲಿ ಷೇರು ಪೇಟೆಯನ್ನು ಹೊಗಳುವ ನಾವೇ, ಊರಿನಲ್ಲಿ ಮೇಷ್ಟರಾಗಿರುವ ತಮ್ಮನಿಗೆ ಹಳೆಯ ಪಿಂಚಣಿ ಇಲ್ಲವೆಂದು ಮರುಗುತ್ತೇವೆ!

ಈ ಪ್ರಶ್ನೆ ಮತ್ತೆ ಬರಲಿದೆ. ವೃದ್ಧಾಪ್ಯ ನಿಧಿಯ ಸಂಚಯ 2033ರಲ್ಲಿ ಮುಗಿಯಬಹುದೆಂದು ಟ್ರಸ್ಟಿಗಳ 2025ರ ವರದಿ ಎಚ್ಚರಿಸಿದೆ. ಆಮೇಲೆ ಬರುವ ತೆರಿಗೆಯಿಂದ ನಿಗದಿತ ಪಿಂಚಣಿಯ ನೂರಕ್ಕೆ 77 ಭಾಗ ಮಾತ್ರ ಕೊಡಲು ಸಾಧ್ಯ. ದುರಸ್ತಿ ಬೇಕು, ನಿಜ. ಆಗ ನಮ್ಮ ಖಾತೆಯ ಲೆಕ್ಕದ ಜೊತೆಗೆ ಆ ಗೆಳೆಯರ ಮನೆಯ ಲೆಕ್ಕವನ್ನೂ ಹಾಕಿ ನೋಡೋಣ. ಕಷ್ಟಕ್ಕೆ ಒಬ್ಬರಿಗೊಬ್ಬರು ಆಗಲೆಂದೇ ಅಲ್ಲವೇ ನಾವು ಈ ಸಂಘ ಕಟ್ಟಿದ್ದು?